ಸಮುದ್ರ ಸೀಳಿದವರು ಯಾರು?

1956ರ ನವೆಂಬರ್ 8ರಂದು ನ್ಯೂಯಾರ್ಕಿನ ಕ್ರೈಟೀರಿಯನ್ ಚಿತ್ರಮಂದಿರದಲ್ಲಿ ಸೆಸಿಲ್ ಬಿ. ಡಿಮಿಲ್‌ನ 'ದಿ ಟೆನ್ ಕಮಾಂಡ್‌ಮೆಂಟ್ಸ್' ಮೊದಲ ಸಲ ತೆರೆಗೆ ಬಂತು. ಇಸ್ರಾಯೇಲ್ಯರನ್ನು ಐಗುಪ್ತದ ಗುಲಾಮಗಿರಿಯಿಂದ ಬಿಡಿಸಿದ ಬೈಬಲಿನ ಮೋಶೆಯ ಕಥೆ ಹೇಳುವ, ಮೂರು ಗಂಟೆ ನಲವತ್ತು ನಿಮಿಷದ ಚಿತ್ರ. ಖರ್ಚು ಸುಮಾರು 1 ಕೋಟಿ 30 ಲಕ್ಷ ಡಾಲರ್. ಅಲ್ಲಿಯವರೆಗೆ ಯಾವ ಚಿತ್ರಕ್ಕೂ ಅಷ್ಟು ಹಣ ಸುರಿದಿರಲಿಲ್ಲ. ಸುರಿದದ್ದರ ಹಲವು ಪಟ್ಟು ವಾಪಸು ಬಂತು. 1973ರಿಂದ ಈಚೆಗೆ ಅಮೆರಿಕದ ಎಬಿಸಿ ವಾಹಿನಿ ಹೆಚ್ಚುಕಡಿಮೆ ಪ್ರತಿ ವರ್ಷ, ಈಸ್ಟರ್ ಮತ್ತು ಯೆಹೂದ್ಯರ ಪಸ್ಕ ಹಬ್ಬದ ಆಸುಪಾಸಿನಲ್ಲಿ, ಇದನ್ನು ಪ್ರಸಾರ ಮಾಡುತ್ತ ಬಂದಿದೆ.

ಅಷ್ಟು ಸಲ ನೋಡಿದವರಲ್ಲೂ ಒಮ್ಮತವಿಲ್ಲ. ಕೆಲವರಿಗೆ ಇದು ಭಕ್ತಿ, ಕೆಲವರಿಗೆ ಬರೀ ಅದ್ದೂರಿ, ಇನ್ನು ಕೆಲವರಿಗೆ ಶೀತಲ ಸಮರದ ಭಾಷಣ. ಮೂರಕ್ಕೂ ಚಿತ್ರದೊಳಗೇ ಸಾಕ್ಷಿ ಸಿಗುತ್ತದೆ. ಜಗಳ ಬಗೆಹರಿಯದೇ ಉಳಿದಿರುವುದು ಅದಕ್ಕೇ.

ಅಂಥದೊಂದು ಜಗಳ ಇಬ್ಬರ ನಡುವೆ ನಡೆಯಿತು. ಒಬ್ಬರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟ್ರು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು, ಬೈಬಲ್ಲನ್ನೂ ಪಂಪಭಾರತವನ್ನೂ ಒಂದೇ ಕಪಾಟಿನಲ್ಲಿಟ್ಟುಕೊಂಡು ಓದಿದವರು. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ. ಸಿನಿಮಾ ಸಂಕಲನ ಅವಳ ಉದ್ಯೋಗ. ಮೇಷ್ಟ್ರು ಈ ಚಿತ್ರವನ್ನು ಹುಡುಗನಾಗಿದ್ದಾಗ ಬೆಂಗಳೂರಿನ ದಂಡಿನ ಕಡೆಯ ಇಂಗ್ಲಿಷ್ ಚಿತ್ರಮಂದಿರವೊಂದರಲ್ಲಿ ನೋಡಿದ್ದರು. ಅವಳು ನೋಡಿದ್ದು ಮೊನ್ನೆ ಮೊನ್ನೆ, ದುರಸ್ತಿಯಾದ ಪ್ರತಿಯಲ್ಲಿ.

"ಸರ್, ಮುಚ್ಚುಮರೆ ಇಲ್ಲದೆ ಹೇಳ್ತೀನಿ," ಎಂದು ಅವಳೇ ಶುರು ಮಾಡಿದಳು. "ಇಂಟರ್ವಲ್‌ವರೆಗೆ ಕೂರೋದೇ ಕಷ್ಟವಾಯ್ತು. ಮೋಶೆಯ ಕಥೆ ಅಂತ ನೋಡೋಕೆ ಹೋದರೆ ಅರಮನೆಯ ಪ್ರೇಮ ಪ್ರಕರಣ. ರಾಜಕುಮಾರಿ ನೆಫ್ರತಿರಿಗೆ ಮೋಶೆ ಬೇಕು. ಐಗುಪ್ತದ ದೊರೆ ಫರೋಹನ ಮಗ ರಾಮ್ಸೆಸ್‌ಗೆ ನೆಫ್ರತಿರಿ ಬೇಕು, ಸಿಂಹಾಸನವೂ ಬೇಕು. ಬೈಬಲಿನಲ್ಲಿ ಈ ನೆಫ್ರತಿರಿ ಎಲ್ಲಿದ್ದಾಳೆ?"

"ಎಲ್ಲೂ ಇಲ್ಲ. ಆದರೆ ವಿಮೋಚನಕಾಂಡದ ಎರಡನೇ ಅಧ್ಯಾಯ ತೆಗೆದು ನೋಡಮ್ಮ. ಒಂದು ವಚನದಲ್ಲಿ ಕೂಸು ಫರೋಹನ ಮಗಳ ಮಗನಾಗುತ್ತೆ, ಮುಂದಿನ ವಚನದಲ್ಲಿ ಅವನು ದೊಡ್ಡವನಾಗಿ ತನ್ನವರ ಬಿಟ್ಟಿ ದುಡಿಮೆ ನೋಡೋಕೆ ಹೊರಟಿರ್ತಾನೆ. ನಡುವಿನ ವರ್ಷಗಳ ಬಗ್ಗೆ ಒಂದಕ್ಷರ ಇಲ್ಲ. ಆ ಫರೋಹನ ಹೆಸರೂ ಇಲ್ಲ. ಡಿಮಿಲ್ ಆ ಖಾಲಿ ಜಾಗಕ್ಕೆ ಪ್ರಾಚೀನ ಲೇಖಕರಾದ ಫಿಲೋನನ್ನ, ಜೊಸೀಫಸ್‌ನನ್ನ, ಯೆಹೂದ್ಯರ ಮಿದ್ರಾಶ್ ಕಥೆಗಳನ್ನ, ಮೇಲೆ ಮೂರು ಕಾದಂಬರಿಗಳನ್ನ ತಂದು ತುಂಬಿಸಿದ. ಕದ್ದುಮುಚ್ಚಿ ಮಾಡಲಿಲ್ಲ. ಅವರ ಹೆಸರೆಲ್ಲ ಶುರುವಿನಲ್ಲೇ ತೆರೆಯ ಮೇಲೆ ಬರುತ್ತೆ."

"ತುಂಬಿಸಿದ್ದಕ್ಕೆ ನನ್ನ ತಕರಾರಿಲ್ಲ. ತೆಗೆದದ್ದೇನು ನೋಡಿ. ಮೊದಲ ಅಧ್ಯಾಯದಲ್ಲೇ ಇಬ್ಬರು ಸೂಲಗಿತ್ತಿಯರಿದ್ದಾರೆ. ಗಂಡುಕೂಸು ಹುಟ್ಟಿದ ಕೂಡಲೇ ಕೊಂದುಬಿಡಿ ಅಂತ ಫರೋಹ ಅವರಿಗೆ ಹೇಳ್ತಾನೆ. ಅವರು ಕೊಲ್ಲಲ್ಲ. ಯಾಕೆ ಅಂತ ಕೇಳಿದರೆ, ಇಬ್ರಿಯ ಹೆಂಗಸರು ಗಟ್ಟಿಗಿತ್ತಿಯರು, ನಾವು ಹೋಗೋದರೊಳಗೇ ಹೆತ್ತಿರ್ತಾರೆ ಅಂತ ರಾಜನ ಮುಖಕ್ಕೇ ಸುಳ್ಳು ಹೇಳಿ ಬರ್ತಾರೆ. ಇಡೀ ಕಥೆಯಲ್ಲಿ ಫರೋಹನಿಗೆ ಬಿದ್ದ ಮೊದಲ ಏಟು ಅದು. ಅವರಿಬ್ಬರಿಗೂ ಗ್ರಂಥದಲ್ಲಿ ಹೆಸರಿದೆ, ಫರೋಹನಿಗಿಲ್ಲ! ಡಿಮಿಲ್‌ಗೆ ಅವರಿಬ್ಬರು ಬೇಡವಾದರು, ಮೈಗಂಟಿದ ಬಟ್ಟೆಯ ರಾಜಕುಮಾರಿ ಬೇಕಾದಳು."

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸೂಲಗಿತ್ತಿಯರನ್ನ ಬಿಟ್ಟದ್ದು ನಷ್ಟವೇ, ಒಪ್ಪಿದೆ," ಎಂದರು. "ಆದರೆ ಫರೋಹನ ಮಗಳನ್ನ ನೋಡು. ಬೈಬಲು ಅವಳನ್ನ ನದಿಯ ದಡದಲ್ಲಿ ಬಿಟ್ಟು ಮುಂದೆ ಹೋಗುತ್ತೆ. ಸಿನಿಮಾದಲ್ಲಿ ನೀನಾ ಫಾಶ್ ಮಾಡಿದ ಆ ತಾಯಿ ಪಸ್ಕದ ರಾತ್ರಿ, ಐಗುಪ್ತದ ಚೊಚ್ಚಲ ಮಕ್ಕಳು ಸಾಯೋ ಆ ರಾತ್ರಿ, ಅರಮನೆ ಬಿಟ್ಟು ಗುಲಾಮರ ಮನೆ ಬಾಗಿಲಿಗೆ ಬರ್ತಾಳೆ. ಸಾಕಿದ ಮಗನ ಹಿಂದೆ ಮರುಭೂಮಿಗೆ ಹೊರಡ್ತಾಳೆ. ಅವಳು ಇಸ್ರಾಯೇಲ್ಯರ ಜೊತೆ ಹೋದಳು ಅನ್ನೋದು ಯೆಹೂದ್ಯರ ಹಳೇ ಕಥೆಗಳಲ್ಲೇ ಇದೆ. ಒಂದು ಕೈಯಲ್ಲಿ ಕಿತ್ತುಕೊಂಡವನು ಇನ್ನೊಂದು ಕೈಯಲ್ಲಿ ಕೊಟ್ಟಿದ್ದಾನೆ."

"ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಜಾಸ್ತಿ. ಫರೋಹನ ಹೃದಯ ಕಲ್ಲಾದದ್ದು ಹೇಗೆ ಸರ್? ಗ್ರಂಥ ಕೆಲವು ಕಡೆ ಅವನೇ ಕಠಿಣ ಮಾಡಿಕೊಂಡ ಅನ್ನುತ್ತೆ, ಕೆಲವು ಕಡೆ ದೇವರೇ ಮಾಡಿದ ಅನ್ನುತ್ತೆ. ನಂಬುವವರನ್ನೂ ನಿದ್ದೆಗೆಡಿಸಬೇಕಾದ ಮಾತು. ಸಿನಿಮಾದಲ್ಲಿ ರಾಮ್ಸೆಸ್ ಮೆತ್ತಗಾದಾಗ ನೆಫ್ರತಿರಿ ಬಂದು ಹಂಗಿಸ್ತಾಳೆ, ಅವನು ಮತ್ತೆ ಸೆಟೆದುಕೊಳ್ತಾನೆ. ದೇವರಿಗೆ ಕೇಳಬೇಕಾದ ಪ್ರಶ್ನೆಯನ್ನ ಒಬ್ಬ ಹೆಂಗಸಿನ ತಲೆಗೆ ಕಟ್ಟಿದರು."

"ದೇವರು ಒಬ್ಬನ ಎದೆಯನ್ನ ಕಲ್ಲು ಮಾಡಿದ ಅಂತ ಕ್ಯಾಮೆರಾಕ್ಕೆ ಹೇಗಮ್ಮ ತೋರಿಸೋದು? ನಾಟಕಕ್ಕೆ ಮನುಷ್ಯರೇ ಕಾರಣ ಆಗಬೇಕು."

"ಹಾಗಾದರೆ ಉರಿಯುವ ಪೊದೆಯನ್ನ ತೋರಿಸಿದ್ದು ಹೇಗೆ? ಅದರೊಳಗಿಂದ ಬರೋ ದೇವರ ದನಿಯೂ ಮೋಶೆ ಪಾತ್ರ ಮಾಡಿದ ಹೆಸ್ಟನ್‌ನದೇ, ಗೊತ್ತಲ್ಲ? ಬೇಕಾದಲ್ಲಿ ದೇವರು ಮಾತಾಡ್ತಾನೆ. ಇಕ್ಕಟ್ಟಿನ ಪ್ರಶ್ನೆ ಬಂದಾಗ ಮಾತ್ರ ಮನುಷ್ಯರನ್ನ ಮುಂದಕ್ಕೆ ತಳ್ತಾರೆ."

ಹೆಸ್ಟನ್ ಹೆಸರು ಬಂದದ್ದೇ ತಡ, ಮಾತು ನಟನೆಗೆ ಹೊರಳಿತು. ಗ್ರಂಥದ ಮೋಶೆ ನಾಲಿಗೆ ಮಂದದವನು. ತನಗೆ ಮಾತು ಬರದೆಂದು ದೇವರೆದುರು ಹಿಂಜರಿಯುತ್ತಾನೆ, ಅವನ ಪರವಾಗಿ ಮಾತಾಡಲು ಅಣ್ಣ ಆರೋನ ನೇಮಕವಾಗುತ್ತಾನೆ. ಚಾರ್ಲ್ಟನ್ ಹೆಸ್ಟನ್ ಬಾಯಿ ತೆರೆದರೆ ಶಾಸನ ಓದಿದ ಹಾಗಿರುತ್ತದೆ. ಆರೋನ ಮೂಲೆ ಸೇರಿದ್ದಾನೆ. ಇದು ತಪ್ಪು ಮೋಶೆ ಎಂದಳು ಅವಳು. ಜನರನ್ನು ನಡೆಸುವ ದನಿ ತೆರೆಯ ಮೇಲೆ ಹಾಗೇ ಇರಬೇಕೆಂದರು ಮೇಷ್ಟ್ರು. ಇಲ್ಲಿ ಅವಳ ಮಾತೇ ತೂಕದ್ದು. ತಡವರಿಸುವ ಮನುಷ್ಯನೊಬ್ಬ ಸಾಮ್ರಾಟನೆದುರು ನಿಂತದ್ದೇ ಆ ಕಥೆಯ ಜೀವಾಳ, ಮತ್ತು ಹೆಸ್ಟನ್‌ನ ಮೋಶೆ ಪೊದೆಯ ದರ್ಶನವಾದ ಮೇಲೆ ಒಮ್ಮೆಯಾದರೂ ನಿಜವಾಗಿ ತಡವರಿಸುವುದಿಲ್ಲ. ಯೂಲ್ ಬ್ರಿನ್ನರ್‌ನ ರಾಮ್ಸೆಸ್ ವಿಷಯದಲ್ಲಿ ಮಾತ್ರ ಇಬ್ಬರಿಗೂ ಭೇದವಿರಲಿಲ್ಲ. ಅವನು ಸುಮ್ಮನೆ ಸೊಂಟದ ಮೇಲೆ ಕೈಯಿಟ್ಟು ನಿಂತರೂ ಕಣ್ಣು ಅವನ ಮೇಲೇ ಇರುತ್ತದೆ. ಆ ವರ್ಷದ ಅತ್ಯುತ್ತಮ ನಟ ಆಸ್ಕರ್ ಅವನಿಗೆ ಬಂತು, ಆದರೆ 'ದಿ ಕಿಂಗ್ ಅಂಡ್ ಐ' ಚಿತ್ರಕ್ಕೆ.

ಆಮೇಲೆ ರಾಜಕೀಯ. ಚಿತ್ರ ಶುರುವಾಗುವ ಮೊದಲು ಡಿಮಿಲ್ ತಾನೇ ಪರದೆ ಸರಿಸಿಕೊಂಡು ಮುಂದೆ ಬಂದು ಪ್ರೇಕ್ಷಕರ ಜೊತೆ ಮಾತಾಡುತ್ತಾನೆ. ಮನುಷ್ಯರು ದೇವರ ನಿಯಮದಂತೆ ಬಾಳಬೇಕೋ, ರಾಮ್ಸೆಸ್‌ನಂಥ ಸರ್ವಾಧಿಕಾರಿಯ ಮರ್ಜಿಯಂತೆ ಬಾಳಬೇಕೋ, ಈ ಹೋರಾಟ ಇವತ್ತಿಗೂ ಜಗತ್ತಿನಲ್ಲಿ ನಡೆದಿದೆ ಎನ್ನುತ್ತಾನೆ. 1956ರ ಅಮೆರಿಕನ್ ಪ್ರೇಕ್ಷಕನಿಗೆ ಆ ಸರ್ವಾಧಿಕಾರಿ ಮಾಸ್ಕೋದಲ್ಲಿದ್ದಾನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡೋ ಈ ಮನುಷ್ಯ 1950ರಲ್ಲಿ ಏನು ಮಾಡಿದ?" ಅವಳ ದನಿ ಏರಿತು. "ಪ್ರತಿಯೊಬ್ಬ ನಿರ್ದೇಶಕನೂ ತಾನು ಕಮ್ಯುನಿಸ್ಟ್ ಅಲ್ಲ ಅಂತ ಪ್ರಮಾಣ ಬರೆದುಕೊಡಬೇಕು ಅಂತ ನಿರ್ದೇಶಕರ ಸಂಘದಲ್ಲಿ ಪಟ್ಟು ಹಿಡಿದ. ಅಧ್ಯಕ್ಷ ಜೋಸೆಫ್ ಮ್ಯಾಂಕೀವಿಚ್ ಒಪ್ಪದಿದ್ದಾಗ ಅವನನ್ನ ಇಳಿಸೋಕೆ ಹೊರಟ."

"ಅದೇ ಮನುಷ್ಯ ಎಡ್ವರ್ಡ್ ಜಿ. ರಾಬಿನ್ಸನ್‌ಗೆ ಪಾತ್ರ ಕೊಟ್ಟ. ಕಮ್ಯುನಿಸ್ಟರ ಗೆಳೆಯ ಅನ್ನೋ ಗುಮಾನಿಯಿಂದ ರಾಬಿನ್ಸನ್‌ನನ್ನ ದೊಡ್ಡ ಚಿತ್ರಗಳಿಗೆ ಯಾರೂ ಕರೀತಿರಲಿಲ್ಲ. ತನ್ನ ಮಾನವನ್ನೂ ಕಸುಬನ್ನೂ ಉಳಿಸಿಕೊಟ್ಟವನು ಡಿಮಿಲ್ ಅಂತ ರಾಬಿನ್ಸನ್ನೇ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಸಂಗೀತ ಕೊಟ್ಟ ಎಲ್ಮರ್ ಬರ್ನ್‌ಸ್ಟೀನ್ ಮೇಲೂ ಅಂಥದೇ ಗುಮಾನಿ ಇತ್ತು. ಮನುಷ್ಯನನ್ನ ಒಂದು ಕೆಲಸದಿಂದ ಅಳೀಬೇಡ."

"ರಾಬಿನ್ಸನ್‌ಗೆ ಕೊಟ್ಟ ಪಾತ್ರ ಯಾವುದು ಸರ್? ದಾತಾನ್. ತನ್ನವರನ್ನೇ ಮಾರಿಕೊಳ್ಳೋ ದ್ರೋಹಿ. ಕಮ್ಯುನಿಸ್ಟರನ್ನ ಹುಡುಕೋ ಸಂಸತ್ತಿನ ವಿಚಾರಣಾ ಸಮಿತಿ ಮತ್ತೆ ಮತ್ತೆ ಕರೆಸಿ ಬಗ್ಗಿಸಿದ ಒಬ್ಬ ಯೆಹೂದಿ ನಟನಿಗೆ ಯೆಹೂದ್ಯರ ದ್ರೋಹಿಯ ವೇಷ. ಉಪಕಾರ ನಿಜ. ಆ ಉಪಕಾರ ಹೇಗಿತ್ತು ಅಂತಲೂ ನೋಡಬೇಕು."

ಮೇಷ್ಟ್ರು ತಮ್ಮ ಕಪಾಟಿನಿಂದ ಉತ್ತರ ತೆಗೆದರು. "ಪಂಪನಿಗೆ ಏನು ಹೇಳ್ತೀಯ? ಅರಿಕೇಸರಿಯ ಆಸ್ಥಾನದಲ್ಲಿದ್ದು ಅವನನ್ನೇ ಅರ್ಜುನನ ಜೊತೆ ಸೇರಿಸಿ ಭಾರತ ಬರೆದ. ಅದೂ ರಾಜಕೀಯವೇ. ಅರಿಕೇಸರಿ ಈಗ ಪರೀಕ್ಷೆಗೆ ಓದುವವರಿಗೆ ಬಿಟ್ಟು ಯಾರಿಗೆ ಬೇಕು? ಕಾವ್ಯ ಉಳೀತು. ಸೋವಿಯತ್ ಒಕ್ಕೂಟ 1991ರಲ್ಲಿ ಹೋಯ್ತು, ಈ ಚಿತ್ರವನ್ನ ಜನ ಇನ್ನೂ ನೋಡ್ತಿದ್ದಾರೆ."

"ಪಂಪ ಕರ್ಣನನ್ನ ಕೊಟ್ಟ ಸರ್! ಅರ್ಜುನನ ಪಕ್ಷದ ಕವಿಯಾಗಿದ್ದೂ ಎದುರು ಪಾಳಯದವನನ್ನ ಬಾಯ್ತುಂಬ ಹೊಗಳಿದ. ಡಿಮಿಲ್‌ನಲ್ಲಿ ಆ ಕರ್ಣ ಎಲ್ಲಿದ್ದಾನೆ?"

"ಇದ್ದಾನೆ. ಚೊಚ್ಚಲ ಮಗ ಸತ್ತ ಮೇಲೆ ಬ್ರಿನ್ನರ್ ಆ ಹೆಣ ಎತ್ತಿಕೊಂಡು ಹೋಗಿ ತನ್ನ ದೇವರ ಕಲ್ಲಿನ ಕೈಗಳ ಮೇಲೆ ಮಲಗಿಸ್ತಾನೆ. ಜೀವ ಕೊಡು ಅಂತ ಬೇಡ್ತಾನೆ. ವಿಗ್ರಹ ಅಲುಗಲ್ಲ. ಸರ್ವಾಧಿಕಾರಿಯನ್ನ ಬೈಯೋಕೇ ಮಾಡಿದ ಚಿತ್ರದಲ್ಲಿ ಆ ದೃಶ್ಯಕ್ಕೆ ಜಾಗ ಯಾಕೆ ಕೊಟ್ಟ? ನಾನು ಮೊದಲ ಸಲ ನೋಡಿದಾಗ ಅತ್ತದ್ದು ಅಲ್ಲಿ, ಮೋಶೆಗಾಗಿ ಅಲ್ಲ."

ಅವಳು ಅದಕ್ಕೆ ಎದುರಾಡಲಿಲ್ಲ. ಬೇರೆ ದಾರಿ ಹಿಡಿದಳು.

"ಸರಿ, ಬಿಡುಗಡೆಯಾದ ವಾರಕ್ಕೇ ಹೋಗೋಣ. ಅಲಬಾಮದ ಮಾಂಟ್ಗಮರಿಯಲ್ಲಿ ಕರಿಯರು ಬಸ್ ಹತ್ತೋದು ಬಿಟ್ಟು ಹನ್ನೊಂದು ತಿಂಗಳಾಗಿತ್ತು, ನಡೆದೇ ಕೆಲಸಕ್ಕೆ ಹೋಗ್ತಿದ್ದರು. ಚಿತ್ರ ತೆರೆಕಂಡ ಐದನೇ ದಿನ, ನವೆಂಬರ್ 13ಕ್ಕೆ, ಬಸ್ಸಿನಲ್ಲಿ ಬೇರೆ ಬೇರೆ ಕೂರಿಸೋದು ಸಂವಿಧಾನಕ್ಕೆ ವಿರುದ್ಧ ಅನ್ನೋ ತೀರ್ಪನ್ನ ಸುಪ್ರೀಂ ಕೋರ್ಟು ಎತ್ತಿಹಿಡೀತು. ಫರೋಹ ಮಾಸ್ಕೋದಲ್ಲಷ್ಟೇ ಇರಲಿಲ್ಲ. ಈ ಚಿತ್ರದಲ್ಲಿ ಕರಿಯ ನಟರು ಯಾಕೆ ಬರ್ತಾರೆ? ವುಡಿ ಸ್ಟ್ರೋಡ್ ಇಥಿಯೋಪಿಯದ ದೊರೆಯಾಗಿ ಬಂದು ಅರಮನೆಗೆ ಕಾಣಿಕೆ ಒಪ್ಪಿಸ್ತಾನೆ, ಅಲ್ಲಿಗೆ ಮುಗೀತು. ಮುಖ್ಯ ಪಾತ್ರಗಳಲ್ಲಿ ಐಗುಪ್ತದವರೂ ಇಸ್ರಾಯೇಲ್ಯರೂ ಎಲ್ಲ ಹಾಲಿವುಡ್‌ನ ಬಿಳಿ ಮುಖಗಳೇ."

"ಆ ವರ್ಷದ್ದೇ ಇನ್ನೊಂದು ತಾರೀಕು ನೆನಪಿಟ್ಟುಕೋ, ಮೇ 17. ಮಾರ್ಟಿನ್ ಲೂಥರ್ ಕಿಂಗ್ ನ್ಯೂಯಾರ್ಕಿನ ದೊಡ್ಡ ಕಥೀಡ್ರಲ್‌ನಲ್ಲಿ ಉಪದೇಶ ಮಾಡಿದ. ವಿಷಯ ಯಾವುದು? ಕೆಂಪು ಸಮುದ್ರದ ದಡಕ್ಕೆ ಬಂದು ಬಿದ್ದ ಐಗುಪ್ತದವರ ಹೆಣಗಳು. ಅದಕ್ಕೂ ನೂರು ವರ್ಷ ಹಿಂದೆ ಗುಲಾಮರನ್ನ ಉತ್ತರಕ್ಕೆ ದಾಟಿಸ್ತಿದ್ದ ಹ್ಯಾರಿಯೆಟ್ ಟಬ್‌ಮನ್‌ಳನ್ನ ಅವರ ಜನ ಮೋಶೆ ಅಂತಲೇ ಕರೀತಿದ್ದರು. ಡಿಮಿಲ್ ಯಾರನ್ನ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅನ್ನೋದು ಅವನಿಗೆ ಸೇರಿದ್ದು. ಈ ಕಥೆ ಹೇಳಿದವನ ಮಾತು ಕೇಳೋ ಕಥೆಯಲ್ಲ, ನೋವಿರೋ ಕಡೆ ತಾನೇ ಹೋಗುತ್ತೆ. ಹೆಸ್ಟನ್ನೇ 1963ರಲ್ಲಿ ವಾಷಿಂಗ್ಟನ್ ಮೆರವಣಿಗೆಯಲ್ಲಿ ಕಿಂಗ್ ಜೊತೆ ಇದ್ದ."

"ಆಮೇಲೆ ಬಂದೂಕಿನವರ ಸಂಘಕ್ಕೆ ಅಧ್ಯಕ್ಷನೂ ಆದ."

"ಆದ. ಎರಡೂ ನಿಜ."

ಸಿನಿಮಾದ ರಾಜಕೀಯ ತೆರೆಯ ಮೇಲಷ್ಟೇ ಉಳಿಯಲಿಲ್ಲ ಎಂಬುದನ್ನು ಇಲ್ಲೇ ಸೇರಿಸಬೇಕು. ಈಗಲ್ಸ್ ಎಂಬ ಸೇವಾ ಸಂಘ ಅಮೆರಿಕದ ಊರೂರಿನಲ್ಲಿ ಹತ್ತು ಆಜ್ಞೆಗಳ ಕಲ್ಲು ನಿಲ್ಲಿಸತೊಡಗಿದಾಗ ಡಿಮಿಲ್ ಅದರೊಂದಿಗೆ ಕೈಜೋಡಿಸಿದ್ದ. ಕೆಲವು ಕಲ್ಲುಗಳ ಅನಾವರಣಕ್ಕೆ ಚಿತ್ರದ ನಟರೇ ಹೋಗಿದ್ದರು. ಆ ಸಂಘ ಕೊಟ್ಟ ಒಂದು ಕಲ್ಲು ಟೆಕ್ಸಸ್ ಶಾಸಕಾಂಗದ ಆವರಣದಲ್ಲಿದೆ. ಸರ್ಕಾರಿ ಜಾಗದಲ್ಲಿ ಅದು ಇರಬಹುದೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2005ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಕಲ್ಲು ಉಳಿಯಿತು.

"ಇಷ್ಟೆಲ್ಲ ಬೈದೆಯಲ್ಲ," ಎಂದರು ಮೇಷ್ಟ್ರು, "ಸಮುದ್ರ ಸೀಳಿದ್ದಕ್ಕೂ ಬೈತೀಯಾ?"

ಅವಳ ಮುಖ ಅರಳಿತು. "ಅಯ್ಯೋ ಇಲ್ಲ ಸರ್, ಅದನ್ನ ಹತ್ತಾರು ಸಲ ಹಿಂದೆ ಮುಂದೆ ಓಡಿಸಿ ನೋಡಿದೆ. ಸಮುದ್ರ ಸೀಳೋದು ಅಂದರೆ ನೀರು ಎರಡು ಕಡೆ ಎದ್ದು ಗೋಡೆಯಾಗಬೇಕು. ನೀರು ಏಳಲ್ಲ, ಬೀಳುತ್ತೆ. ಅದಕ್ಕೇ ಪ್ಯಾರಮೌಂಟ್ ಸ್ಟುಡಿಯೋದಲ್ಲಿ ದೊಡ್ಡ ದೊಡ್ಡ ತೊಟ್ಟಿ ಕಟ್ಟಿ, ಎರಡೂ ಕಡೆಯಿಂದ ಲಕ್ಷಾಂತರ ಲೀಟರ್ ನೀರನ್ನ ಒಂದೇ ಸಲಕ್ಕೆ ಸುರಿಸಿ ಶೂಟ್ ಮಾಡಿದರು. ಆ ಫಿಲ್ಮನ್ನ ತಿರುಗುಮುರುಗಾಗಿ ಓಡಿಸಿದರು. ಬಿದ್ದ ನೀರು ಎದ್ದು ಹಿಂದಕ್ಕೆ ಹೋಯ್ತು! ಅದರ ಮೇಲೆ ಈಜಿಪ್ಟಿನಲ್ಲಿ ತೆಗೆದ ಜನ, ಸ್ಟುಡಿಯೋದಲ್ಲಿ ತೆಗೆದ ಬಂಡೆ, ಕೈಯಲ್ಲಿ ಬರೆದ ಚಿತ್ರ, ಮೋಡ, ಎಲ್ಲವನ್ನೂ ಒಂದೊಂದು ಪದರವಾಗಿ ಕೂಡಿಸಿದರು. ಕಂಪ್ಯೂಟರ್ ಇಲ್ಲದ ಕಾಲ. ಚಿತ್ರಕ್ಕೆ ಬಂದದ್ದು ಏಳು ನಾಮನಿರ್ದೇಶನ, ಗೆದ್ದದ್ದು ಒಂದೇ ಆಸ್ಕರ್, ಈ ಕೆಲಸಕ್ಕಾಗಿ ಜಾನ್ ಫುಲ್ಟನ್‌ಗೆ."

"ಕೆಲವು ಕಡೆ ಆಕಾರಗಳ ಸುತ್ತ ನೀಲಿ ಗೆರೆ ಕಾಣುತ್ತೆ ಅಂತ ನನ್ನ ಮೊಮ್ಮಗ ನಗ್ತಿದ್ದ."

"ಕಾಣುತ್ತೆ. ನೀಲಿ ಪರದೆಯ ಮುಂದೆ ತೆಗೆದು ಕತ್ತರಿಸಿ ಅಂಟಿಸಿದ ಗುರುತು ಅದು. ವಿಸ್ಟಾವಿಷನ್‌ನಲ್ಲಿ ಫಿಲ್ಮು ಅಡ್ಡಡ್ಡ ಓಡಿ ನೆಗೆಟಿವ್ ದೊಡ್ಡದಾಗಿ ಬರೋದರಿಂದ ಚಿತ್ರ ಅಷ್ಟು ಚೊಕ್ಕ, ಆದರೆ ಅಂಟಿಸಿದ್ದೂ ಅಷ್ಟೇ ಚೊಕ್ಕವಾಗಿ ಕಾಣಿಸುತ್ತೆ. ನನಗೆ ಆ ಗೆರೆ ಕಂಡರೆ ಗೌರವ ಹೆಚ್ಚಾಗುತ್ತೆ, ಸರ್. ಇದೇ ಡಿಮಿಲ್ 1923ರಲ್ಲಿ ಇದೇ ಹೆಸರಿನ ಮೂಕಿ ಚಿತ್ರ ಮಾಡಿದಾಗ ಜೆಲ್ಲಿಯನ್ನ ಕತ್ತರಿಸಿ, ಕಾಸಿ ಕರಗಿಸಿ, ಅದನ್ನ ತಿರುಗಿಸಿ ಓಡಿಸಿದ್ದ. ಮೂವತ್ತಮೂರು ವರ್ಷ ಆದ ಮೇಲೆ ಅದೇ ಉಪಾಯ, ಈ ಸಲ ನಿಜವಾದ ನೀರಿನಲ್ಲಿ. 2014ರಲ್ಲಿ ರಿಡ್ಲಿ ಸ್ಕಾಟ್ 'ಎಕ್ಸೋಡಸ್' ಮಾಡಿದಾಗ ಸುನಾಮಿ ಬರೋ ಮುಂಚೆ ಸಮುದ್ರ ಹಿಂದೆ ಸರಿದ ಹಾಗೆ ತೋರಿಸಿದ. ವಿಜ್ಞಾನಕ್ಕೆ ಹತ್ತಿರ, ಗೆರೆ ಎಲ್ಲೂ ಇಲ್ಲ. ಯಾರಿಗೆ ನೆನಪಿದೆ?"

ವಿಚಿತ್ರವೆಂದರೆ ಭಕ್ತರಾದ ಮೇಷ್ಟ್ರಿಗೆ ಈ ಪವಾಡ ಅಷ್ಟು ಮುಖ್ಯವಲ್ಲ.

"ನನಗೆ ಅದಕ್ಕಿಂತ ಹಿಂದಿನ ರಾತ್ರಿ, ಅದರ ಮಾರನೇ ಬೆಳಗ್ಗೆ," ಎಂದರು. "ಪಸ್ಕದ ರಾತ್ರಿ ಒಂದು ಸಣ್ಣ ಮನೆ. ಮೇಜಿನ ಸುತ್ತ ಜನ. ಹೊರಗೆ ಚೀರಾಟ, ಒಳಗೆ ರೊಟ್ಟಿ. ಈ ರಾತ್ರಿ ಯಾಕೆ ಬೇರೆ ಅಂತ ಹುಡುಗ ಕೇಳ್ತಾನೆ. ಅದ್ದೂರಿ ಬಯಸೋ ಡಿಮಿಲ್ ಅಲ್ಲಿ ಆನೆ, ಕುದುರೆ, ಬೆಂಕಿ ಏನನ್ನೂ ತರಲಿಲ್ಲ. ಬೆಳಗಾದ ಮೇಲೆ ಊರಿಗೆ ಊರೇ ಹೊರಡುತ್ತೆ. ಮುದುಕರು, ಬಸುರಿಯರು, ಕುರಿ, ಕತ್ತೆ. ಅಲ್ಲೊಬ್ಬ ಸಾಯೋ ಮುದುಕ, ಹೊಸ ನಾಡಿನಲ್ಲಿ ನೆಡೋಕೆ ಅಂತ ಅಂಜೂರದ ಗಿಡ ಇಟ್ಟುಕೊಂಡಿರ್ತಾನೆ. ಆ ಮುದುಕ ಯಾರು ಗೊತ್ತಾ? ಎಚ್. ಬಿ. ವಾರ್ನರ್. 1927ರಲ್ಲಿ ಡಿಮಿಲ್ 'ದಿ ಕಿಂಗ್ ಆಫ್ ಕಿಂಗ್ಸ್' ತೆಗೆದಾಗ ಯೇಸುವಿನ ಪಾತ್ರ ಮಾಡಿದವನು. ಅವನನ್ನೇ ಹಣ್ಣು ಮುದುಕನಾದ ಮೇಲೆ ಕರೆತಂದು, ಬೇರೆಯವರು ಎತ್ತಿಕೊಂಡು ಹೋಗೋ ಪಾತ್ರ ಕೊಟ್ಟ. ಚಿತ್ರ ಬಂದು ಎರಡು ವರ್ಷಕ್ಕೆ ವಾರ್ನರ್ ತೀರಿಕೊಂಡ."

"ಅದು ನನಗೆ ಗೊತ್ತಿರಲಿಲ್ಲ." ಅವಳು ತಗ್ಗಿದ ದನಿಯಲ್ಲಿ ಹೇಳಿದಳು. "ಆದರೆ ಆ ಬೆಳಗ್ಗೆ ನಡೆದ ಉಳಿದವರು ಯಾರು ಸರ್? ಕೈರೋ ಹತ್ತಿರ, ಬೆನಿ ಯೂಸುಫ್‌ನಲ್ಲಿ, ನೂರಡಿಗೂ ಎತ್ತರದ ನಗರದ ಬಾಗಿಲು ಕಟ್ಟಿ ಸಾವಿರಾರು ಜನರನ್ನ ಅದರಿಂದ ಹೊರಡಿಸಿದರು. ಅವರೆಲ್ಲ ಅಲ್ಲಿಯ ಹಳ್ಳಿಯವರು, ಹೆಚ್ಚಿನವರು ಮುಸಲ್ಮಾನರು. ಐಗುಪ್ತದಿಂದ ಬಿಡುಗಡೆಯಾದ ಇಸ್ರಾಯೇಲ್ಯರಾಗಿ ಈಜಿಪ್ಟಿನ ರೈತರು ನಡೆದರು. ರಥ ಓಡಿಸಿದ್ದು ಈಜಿಪ್ಟಿನ ಅಶ್ವದಳದ ಸೈನಿಕರು. ಇದು 1954ರಲ್ಲಿ. ಎರಡು ವರ್ಷಕ್ಕೆ ಚಿತ್ರ ತೆರೆಕಾಣೋ ಹೊತ್ತಿಗೆ ಸೂಯೆಜ್ ಕಾಲುವೆಗಾಗಿ ಇಸ್ರೇಲ್, ಬ್ರಿಟನ್, ಫ್ರಾನ್ಸ್ ಈಜಿಪ್ಟಿನ ಮೇಲೆ ನುಗ್ಗಿದ್ದವು, ಕದನವಿರಾಮವಾಗಿ ಒಂದೆರಡು ದಿನ ಆಗಿತ್ತು. ನಡೆದ ಆ ಜನರ ಹೆಸರು ತೆರೆಯ ಮೇಲೆ ಎಲ್ಲೂ ಇಲ್ಲ. ನೀವು ಮೆಚ್ಚೋ ದೃಶ್ಯ ಅವರ ಕಾಲಿನಿಂದ ಆದದ್ದು."

"ಅದನ್ನೇ ನಾನು ಹೇಳ್ತಿರೋದು! ಅಲ್ಲಿ ಮೋಶೆಯೂ ಸಣ್ಣವನಾಗಿಬಿಡ್ತಾನೆ, ಡಿಮಿಲ್ಲೂ ಸಣ್ಣವನಾಗಿಬಿಡ್ತಾನೆ. ಎಪ್ಪತ್ಮೂರು ವರ್ಷದ ಮನುಷ್ಯ, ಆ ಬಾಗಿಲಿನ ತುದಿಗೆ ಏಣಿ ಹತ್ತಿ ಹೃದಯಾಘಾತ ಮಾಡಿಕೊಂಡ. ಡಾಕ್ಟರು ಬೇಡವೆಂದರೂ ಕೆಲವೇ ದಿನಕ್ಕೆ ಸೆಟ್ಟಿಗೆ ಬಂದ. ಬರೀ ದುಡ್ಡಿಗಾಗಿ ಯಾರೂ ಹಾಗೆ ಮಾಡಲ್ಲಮ್ಮ. ಚಿಕ್ಕಂದಿನಲ್ಲಿ ಅವನಪ್ಪ ಮನೆಯಲ್ಲಿ ಬೈಬಲ್ ಓದಿ ಹೇಳ್ತಿದ್ದ. ತಾಯಿ ಯೆಹೂದ್ಯ ಮೂಲದವಳು. ಈ ಕಥೆ ಅವನ ಎರಡೂ ಕಡೆಯ ರಕ್ತದಲ್ಲಿತ್ತು."

"ಶ್ರದ್ಧೆ ಇತ್ತು, ಒಪ್ಪಿದೆ. ಹಾಗಾದರೆ ಚಿನ್ನದ ಹೋರಿಕರುವಿನ ದೃಶ್ಯಕ್ಕೆ ಬನ್ನಿ. ನನ್ನ ನಿಜವಾದ ಜಗಳ ಅಲ್ಲೇ ಇರೋದು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಈ ಪ್ರಶ್ನೆ ಬರುತ್ತದೆಂದು ಅವರಿಗೂ ಗೊತ್ತಿತ್ತು.

"ಬೆಟ್ಟದ ಮೇಲೆ ಬೆಂಕಿ ಆಜ್ಞೆ ಬರೀತಿದೆ, ಕೆಳಗೆ ಜನ ಕುಡಿದು ಕುಣೀತಿದ್ದಾರೆ. ಆ ಕುಣಿತವನ್ನ ಡಿಮಿಲ್ ಎಷ್ಟು ಹೊತ್ತು ತೋರಿಸ್ತಾನೆ! ಪಾಪವನ್ನ ಕಣ್ತುಂಬ ತೋರಿಸಿ ಕೊನೆಗೆ ಶಿಕ್ಷೆ ಕೊಟ್ಟುಬಿಡೋದು ಮೂಕಿ ಚಿತ್ರಗಳ ಕಾಲದಿಂದ ಅವನ ಪದ್ಧತಿ. ಅದೂ ಹೋಗಲಿ. ಮೋಶೆ ಇಳಿದು ಬಂದ ಮೇಲೆ ಏನಾಗುತ್ತೆ? ಸಿನಿಮಾದಲ್ಲಿ ಕಲ್ಲಿನ ಹಲಗೆಗಳನ್ನ ಹೋರಿಕರುವಿನ ಮೇಲೆ ಎಸೀತಾನೆ, ಸಿಡಿಲಿನಂಥ ಸದ್ದಾಗುತ್ತೆ, ಭೂಮಿ ಬಾಯಿಬಿಟ್ಟು ಕೆಟ್ಟವರನ್ನ ನುಂಗುತ್ತೆ. ಗ್ರಂಥದಲ್ಲಿ?"

"ಭೂಮಿ ಬಾಯಿಬಿಡೋದು ಅರಣ್ಯಕಾಂಡದ ಕಥೆ. ದಾತಾನ್ ಸಾಯೋದೂ ಅಲ್ಲೇ."

"ಇಲ್ಲಿ ಏನಾಗುತ್ತೆ ಹೇಳಿ ಸರ್."

"ಲೇವಿಯರನ್ನ ಕರೆದು ಕತ್ತಿ ಕಟ್ಟಿಕೊಳ್ಳಿ ಅಂತಾನೆ. ಅಣ್ಣತಮ್ಮ, ಗೆಳೆಯ, ನೆರೆಯವ ಅಂತ ನೋಡದೆ ಕೊಲ್ಲಿ ಅಂತಾನೆ." ಮೇಷ್ಟ್ರು ನಿಧಾನವಾಗಿ ಹೇಳಿದರು. "ಆ ದಿನ ಸುಮಾರು 3000 ಜನ ಸತ್ತರು ಅಂತ ಬರೆದಿದೆ."

"ಕೊಲ್ಲಬಾರದು ಅನ್ನೋ ಆಜ್ಞೆಯನ್ನ ತಂದ ದಿನವೇ! ಜಗತ್ತಿನ ಅತಿ ಕಠಿಣ ದೃಶ್ಯ ಅದು. ನಿಯಮ ಹುಟ್ಟಿದ ದಿನವೇ ನಿಯಮದ ಹೆಸರಿನಲ್ಲಿ ರಕ್ತ. ಡಿಮಿಲ್ ಮೋಶೆಯ ಕೈ ತೊಳೆದುಕೊಟ್ಟು, ಕೊಲೆಯನ್ನ ಭೂಮಿಗೆ ಒಪ್ಪಿಸಿಬಿಟ್ಟ. ಸರ್ವಾಧಿಕಾರಿಯೋ ನಿಯಮವೋ ಅಂತ ಪರದೆ ಮುಂದೆ ಬಂದು ಕೇಳಿದವನು, ನಿಯಮವೂ ಕತ್ತಿ ಹಿಡಿಯುತ್ತೆ ಅನ್ನೋದನ್ನ ನಮ್ಮಿಂದ ಮುಚ್ಚಿಟ್ಟ. ಶೀತಲ ಸಮರದ ಕಾಲದ ಅಮೆರಿಕಕ್ಕೆ ಅದನ್ನ ಕೇಳೋ ಧೈರ್ಯ ಇರಲಿಲ್ಲ."

"ಮಕ್ಕಳು ಮರಿ ಕೂತು ನೋಡೋ ಚಿತ್ರ. ಅವರ ಮುಂದೆ ಮೋಶೆಯ ಕೈಯಲ್ಲಿ 3000 ಹೆಣ ಬೀಳಿಸಬೇಕಿತ್ತಾ?"

"ಅದೇ ಮಕ್ಕಳ ಮುಂದೆ ಐಗುಪ್ತದ ಚೊಚ್ಚಲ ಮಕ್ಕಳೆಲ್ಲ ಸತ್ತರಲ್ಲ ಸರ್. ಹಸಿರು ಮಂಜು ಬೀದಿಬೀದಿಯಲ್ಲಿ ಹರಿದು ಬಂತಲ್ಲ."

ಮೇಷ್ಟ್ರಿಗೆ ತಕ್ಷಣ ಉತ್ತರ ಸಿಗಲಿಲ್ಲ. ಸಿಕ್ಕಾಗ ಅದು ಅವಳ ನಿರೀಕ್ಷೆಯ ದಿಕ್ಕಿನಿಂದ ಬರಲಿಲ್ಲ.

"ನೀನು ಕತ್ತಿ ಹುಡುಕ್ತಿದ್ದೀಯ. ನಾನು ವಿಮೋಚನಕಾಂಡದ ಅದೇ 32ನೇ ಅಧ್ಯಾಯದಲ್ಲಿ ಇನ್ನೊಂದನ್ನ ಹುಡುಕ್ತೀನಿ, ಅದೂ ಸಿನಿಮಾದಲ್ಲಿ ಇಲ್ಲ. ಕೆಳಗೆ ಜನ ಕೆಟ್ಟಿದ್ದಾರೆ ಅಂತ ಗೊತ್ತಾದಾಗ ದೇವರು ಅವರನ್ನ ಸುಟ್ಟುಬಿಡ್ತೀನಿ, ನಿನ್ನಿಂದಲೇ ಹೊಸ ಜನಾಂಗ ಮಾಡ್ತೀನಿ ಅಂತಾನೆ. ಮೋಶೆ ಒಪ್ಪಲ್ಲ. ದೇವರ ಜೊತೆ ವಾದ ಮಾಡಿ ಸಿಟ್ಟಿಳಿಸ್ತಾನೆ. ಆಮೇಲೆ ಮತ್ತೆ ಬೆಟ್ಟ ಹತ್ತಿ, ಇವರನ್ನ ಕ್ಷಮಿಸದಿದ್ದರೆ ನಿನ್ನ ಪುಸ್ತಕದಿಂದ ನನ್ನ ಹೆಸರನ್ನೂ ಅಳಿಸು ಅಂತಾನೆ. ಕೊಲ್ಲಿಸಿದವನೂ ಅವನೇ, ಉಳಿಸಿದವನೂ ಅವನೇ. ಡಿಮಿಲ್ ಎರಡನ್ನೂ ಬಿಟ್ಟ. ಅದಕ್ಕೇ ಹೆಸ್ಟನ್‌ನ ಮೋಶೆ ಕೊನೆಯಲ್ಲಿ ಬಿಳಿ ಗಡ್ಡದ ವಿಗ್ರಹವಾಗಿ ನಿಂತುಬಿಡ್ತಾನೆ. ನಿನಗೆ ಅಪರಾಧ ತಪ್ಪಿಹೋಯ್ತು ಅಂತ ಬೇಜಾರು, ನನಗೆ ಪ್ರಾರ್ಥನೆ ತಪ್ಪಿಹೋಯ್ತು ಅಂತ."

"ಹಾಗಾದರೆ ಚಿತ್ರ ಸೋತ ಹಾಗಲ್ಲವಾ?"

"ಬೆಟ್ಟದ ಬುಡದಲ್ಲಿ ಸೋತಿತು. ಸಮುದ್ರದ ದಡದಲ್ಲಿ ಗೆದ್ದಿತು. ಅಪ್ಪನ ಕೈ ಹಿಡಿದುಕೊಂಡು ಹೋಗಿ ನೋಡಿದ ಹುಡುಗನಿಗೆ ಅದು ಗ್ರಂಥ ತೆರೆಸಿತು. ಆ ಚಿತ್ರ ನೋಡದಿದ್ದರೆ ಈ 32ನೇ ಅಧ್ಯಾಯವನ್ನ ನಾನು ಇಷ್ಟು ಸಲ ಓದ್ತಿರಲಿಲ್ಲ."

"ನಾನು ಹುಡುಗಿಯಾಗಿದ್ದಾಗ ನೋಡಲಿಲ್ಲವಲ್ಲ ಸರ್. ಸಿನಿಮಾವನ್ನ ಅದರೊಳಗೆ ಇರೋದರಿಂದಲೇ ಅಳೀಬೇಕು. ಓದಿಸಿತು ಅನ್ನೋದು ನಿಮ್ಮ ಪುಣ್ಯ, ಅದರದ್ದಲ್ಲ."

ಇಬ್ಬರೂ ತಮ್ಮ ಜಾಗ ಬಿಟ್ಟು ಕದಲಲಿಲ್ಲ. ಕದಲಬೇಕಾಗಿಯೂ ಇರಲಿಲ್ಲ. ಡಿಮಿಲ್ 1959ರ ಜನವರಿಯಲ್ಲಿ ತೀರಿಕೊಂಡ. ಇದೇ ಅವನು ನಿರ್ದೇಶಿಸಿದ ಕೊನೆಯ ಚಿತ್ರ. ಅದೇ ವರ್ಷದ ಕೊನೆಗೆ ವಿಲಿಯಂ ವೈಲರ್‌ನ 'ಬೆನ್‌ಹರ್' ಬಂದು ಹನ್ನೊಂದು ಆಸ್ಕರ್ ಬಾಚಿತು, ಹೆಸ್ಟನ್‌ಗೆ ಅತ್ಯುತ್ತಮ ನಟ ಪ್ರಶಸ್ತಿಯನ್ನೂ ತಂದಿತು. ಕಟ್ಟಿನ ಬಿಗಿಯಲ್ಲಿ ವೈಲರ್‌ನ ಚಿತ್ರವೇ ಮೇಲು. ಹಾಗಿದ್ದೂ ಹೊರಟು ನಿಂತ ಒಂದು ಇಡೀ ಜನಾಂಗವನ್ನು ತೆರೆಯ ಮೇಲೆ ತಂದ ವಿಷಯದಲ್ಲಿ ಡಿಮಿಲ್‌ಗೆ ಸಾಟಿಯಾಗಿ ಹಾಲಿವುಡ್‌ನಲ್ಲಿ ಆಮೇಲೆ ಯಾರೂ ಬರಲಿಲ್ಲ. ಅರಮನೆಯ ಸರಸ ಹಳತಾಗಿದೆ, ಉಪದೇಶ ಹಳತಾಗಿದೆ. ಆ ನಡಿಗೆ ಹಳತಾಗಿಲ್ಲ.

ಈ ಚಿತ್ರವನ್ನು ನೋಡದವರು ಆದಷ್ಟು ದೊಡ್ಡ ತೆರೆಯಲ್ಲಿ ನೋಡಿ, ಪೂರ್ತಿ ಪುರುಸೊತ್ತಿಲ್ಲದವರು ಪಸ್ಕದ ರಾತ್ರಿಯಿಂದಾದರೂ ನೋಡಿ. ಮುಗಿದ ಮೇಲೆ, ಅದೇ ರಾತ್ರಿ, ವಿಮೋಚನಕಾಂಡದ ಮೊದಲ ಅಧ್ಯಾಯವನ್ನೂ 32ನೇ ಅಧ್ಯಾಯವನ್ನೂ ಓದಿ.